ಅಜ್ಜಿಯ ಗಡ್ಡ

ನಮ್ಮ ಮನೆ ಬಾಗಿಲ ಹಿಂದೆ ಒಂದು ಮೊಳೆ ಇದೆ. ಬೇರೆಯವರ ಮನೆಯಲ್ಲಾದರೆ ಅಂಥ ಮೊಳೆಗೆ ಕೊಡೆ ನೇತಾಡುತ್ತದೆ, ಇಲ್ಲವೇ ಗಂಡಸರ ಅಂಗಿ. ನಮ್ಮನೆ ಮೊಳೆಗೆ ಒಂದು ಗಡ್ಡ ನೇತಾಡುತ್ತದೆ. ಬೆಳ್ಳಗೆ, ಗುಂಗುರು ಗುಂಗುರಾಗಿ, ಹಾಕಿಕೊಂಡರೆ ಹೊಕ್ಕುಳಿನ ತನಕ ಬರುವ ಗಡ್ಡ. ಹೋದ ತಿಂಗಳು ಕರೆಂಟು ಮೀಟರು ನೋಡಲು ಹೊಸಬರೊಬ್ಬರು ಬಂದಿದ್ದರು. ಅದನ್ನು ಕಂಡು, "ಯಾರ್ದಜ್ಜಿ ಇದು?" ಅಂದರು. "ನಂದೇ ಕಣಪ್ಪ" ಅಂದೆ. ಅವರು ಗಡ್ಡ ನೋಡಿದರು, ನನ್ನ ಗಲ್ಲ ನೋಡಿದರು, ಮತ್ತೆ ಗಡ್ಡ ನೋಡಿದರು. ಬಿಲ್ಲು ಹರಿದು ಕೈಗೆ ಕೊಟ್ಟು ಹೊರಟೇಬಿಟ್ಟರು. ಅವರಿಗಂತ ಕಾಫಿ ಕಾಸಿದ್ದೆ, ನಾನೇ ಎರಡು ಲೋಟ ಕುಡಿದೆ.

ಇವತ್ತು ಬೆಳಿಗ್ಗೆ ಆ ಗಡ್ಡ ಒಗೆದೆ. ಡಿಸೆಂಬರು ಬಂತಲ್ಲ. ಗಡ್ಡ ಒಗೆಯುವುದು ನಿಮಗೆ ಗೊತ್ತಿರಲಿಕ್ಕಿಲ್ಲ. ಸೋಪು ಹಾಕಿದರೆ ಗಂಟು ಕಟ್ಟುತ್ತದೆ. "ಕೂದ್ಲು ತಾನೆ ಅಜ್ಜಿ, ಶಾಂಪೂ ಹಾಕು" ಅಂತ ಮೊಮ್ಮಗಳು ಶೀಲಾ ತನ್ನ ಪೊಟ್ಟಣ ಕೊಟ್ಟಳು. ಅರವತ್ತೊಂಬತ್ತು ವರ್ಷದಲ್ಲಿ ನನ್ನ ತಲೆಗೆ ಸಿಗದ ಭಾಗ್ಯ ಗಡ್ಡಕ್ಕೆ ಸಿಕ್ಕಿತು. ತೊಳೆದು, ಬಾಚಿ, ತಂತಿಗೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟು, ಕೋಲು ಹಿಡಿದು ಕಾಯುತ್ತಾ ಕೂತಿದ್ದೇನೆ. ಕಾಯಲೇಬೇಕು. ಇದಕ್ಕೂ ಮೊದಲಿನ ಗಡ್ಡದಲ್ಲಿ ಅರ್ಧವನ್ನು ಪಕ್ಕದ ಮನೆ ಕರು ತಿಂದುಬಿಟ್ಟಿತ್ತು. ಹಾಗೆ ಕೂತಾಗ ಹೋದ ವರ್ಷದ್ದು ನೆನಪಾಗಿ ಒಬ್ಬಳೇ ನಕ್ಕೆ. ಆ ನಗುವಿನ ಕಾರಣ ಯಾರಿಗೂ ಹೇಳದೆ ಇಟ್ಟುಕೊಂಡರೆ ನನಗೆ ಅನ್ನ ಸೇರುವುದಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಾನು ಓದಿದ್ದು ಮೂರನೇ ಕ್ಲಾಸು. ಅದು ಮೂರಕ್ಕೆ ನಿಂತದ್ದಕ್ಕೆ ಬಡತನ ಒಂದು ಕಾರಣ, ಗಂಟಲು ಇನ್ನೊಂದು. ನಾನು ಮಗ್ಗಿ ಹೇಳಿದರೆ ಪಕ್ಕದ ಕೋಣೆಯ ಮಕ್ಕಳು ತಮ್ಮ ಪದ್ಯ ಬಿಟ್ಟು ನನ್ನ ಮಗ್ಗಿ ಹೇಳುತ್ತಿದ್ದರು. ಮೇಷ್ಟ್ರು ನನ್ನನ್ನು ಹೊರಗೆ ನೇರಳೆ ಮರದ ಕೆಳಗೆ ನಿಲ್ಲಿಸಿ ಅಲ್ಲಿಂದಲೇ ಹೇಳಿಸುತ್ತಿದ್ದರು. ಒಳಗಿದ್ದವರಿಗೆ ಕೇಳಲು ಏನೂ ತೊಂದರೆಯಾಗಲಿಲ್ಲ. ಈ ಗಂಟಲು ನನಗೆ ಬಂದದ್ದು ಕಾಫಿ ತೋಟದಿಂದ. ಅವ್ವ ಹಣ್ಣು ಬಿಡಿಸುವಾಗ ನನ್ನನ್ನು ಗೋಣಿಚೀಲದ ಜೋಲಿಯಲ್ಲಿ ಸಿಲ್ವರ್ ಮರಕ್ಕೆ ಕಟ್ಟಿ ಹೋಗುತ್ತಿದ್ದಳು. ಅವಳ ಸಾಲು ಮುಂದೆ ಮುಂದೆ ಹೋದ ಹಾಗೆ ನಾನು ಜೋರು ಜೋರಾಗಿ ಅಳಬೇಕಾಗುತ್ತಿತ್ತು. ಅವಳು ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ನನ್ನ ಅಳು ಪಾಳ್ಯದ ಬಸ್ಸಿನವರಿಗೆ ಕೇಳುತ್ತಿತ್ತಂತೆ.

ಮುಂದೆ ಆ ಗಂಟಲಿಗೇ ಒಂದು ಕೆಲಸ ಸಿಕ್ಕಿತು. ಅದೇ ತೋಟದಲ್ಲಿ, ಅಂದರೆ ಗೌಡರ ಎಸ್ಟೇಟಿನಲ್ಲಿ, ಹಣ್ಣು ಬಿಡಿಸುತ್ತಾ ದೊಡ್ಡವಳಾದೆ, ಮದುವೆಯಾದೆ, ಅಜ್ಜಿಯಾದೆ. ಸಂಜೆ ಕೆಲಸ ಬಿಡುವ ಹೊತ್ತು ಗುಡ್ಡದ ತುಂಬ ಚದುರಿದ ಆಳುಗಳಿಗೆ ತಿಳಿಯಬೇಕಲ್ಲ, ತೋಟದ ಲೆಕ್ಕ ಬರೆಯುವ ರೈಟರು ಗಡಿಯಾರ ನೋಡಿ ನನಗೆ ಕೈಸನ್ನೆ ಮಾಡುತ್ತಿದ್ದರು. ನಾನು ಕಾಫಿ ಒಣಗಿಸುವ ಕಣದ ಅಂಚಿಗೆ ನಿಂತು, ಕೈ ಎರಡನ್ನೂ ಬಾಯಿಗೆ ಕೊಳವೆ ಮಾಡಿ ಒಂದು ಕೂಗು ಎಳೆಯುತ್ತಿದ್ದೆ. ಮೊದಲು ಕೆಳಗೆ, ಆಮೇಲೆ ಮೇಲಕ್ಕೆ, ಕೊನೆಗೆ ಅಲ್ಲೇ ನಡುಗಿಸಿ ಬಿಡುವುದು. ಆ ಕೂಗು ಬಿದ್ದರೆ ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತಿತ್ತು. ಎಲ್ಲರೂ ಚೀಲದ ಬಾಯಿ ಕಟ್ಟಿ ಕಣಕ್ಕೆ ಬರುತ್ತಿದ್ದರು. ಕಟ್ಟಿದ ಚೀಲದ ಬಾಯಿ ಆ ದಿನ ಮತ್ತೆ ಬಿಚ್ಚುವ ಹಾಗಿಲ್ಲ, ಬಿಚ್ಚಿದರೆ ಒಳ್ಳೆಯದಾಗುವುದಿಲ್ಲ ಅಂತ ನಮ್ಮ ತೋಟದಲ್ಲಿ ಒಂದು ನಂಬಿಕೆ. ನಾನು ಕೆಲಸ ಬಿಟ್ಟು ಒಂಬತ್ತು ವರ್ಷವಾಯಿತು. ಆಮೇಲೆ ಗೌಡರು ಸೈರನ್ ತಂದು ಕೂರಿಸಿದರು. ಕರೆಂಟು ಇದ್ದ ದಿನ ಅದು ಕೂಗುತ್ತದೆ.

ಇನ್ನು ನಮ್ಮ ಕಡೆಯ ಕ್ಯಾರಲ್ ವಿಷಯ. ಬೇರೆ ಊರುಗಳಲ್ಲಿ ಕ್ರಿಸ್ಮಸ್ ಹಾಡು ಹಾಡಿಕೊಂಡು ಮನೆಮನೆಗೆ ಹೋಗುವುದು ಕತ್ತಲಾದ ಮೇಲೆ. ನಮ್ಮಲ್ಲಿ ಕತ್ತಲಾದ ಮೇಲೆ ರಸ್ತೆ ಆನೆಗಳದ್ದು. ಅದಕ್ಕೇ ನಮ್ಮ ಚರ್ಚಿನ ಯೂತ್‌ನವರು, ಅಂದರೆ ಹೈಸ್ಕೂಲು ಕಾಲೇಜು ಮಕ್ಕಳ ಸಂಘದವರು, ಮಟಮಟ ಮಧ್ಯಾಹ್ನ ಹೊರಡುತ್ತಾರೆ. ಕೈಯಲ್ಲಿ ನಕ್ಷತ್ರ, ಅದರೊಳಗೆ ಬ್ಯಾಟರಿ ಬಲ್ಬು. ಬಿಸಿಲಲ್ಲಿ ಅದು ಉರಿಯುತ್ತಿದೆಯೋ ಇಲ್ಲವೋ ತಿಳಿಯಲು ಒಬ್ಬರು ಟವೆಲ್ ಮುಚ್ಚಿ ಒಳಗೆ ತಲೆ ಹಾಕಿ ನೋಡಬೇಕು. "ಉರೀತೈತೆ!" ಅಂತ ಟವೆಲ್ಲಿನೊಳಗಿಂದ ಕೂಗಿದರೆ ಹಾಡು ಶುರು. ಭಾನುವಾರ ಪೂಜೆ ಮುಗಿದು ಫಾದರ್ ಪ್ರಕಟಣೆ ಓದುವಾಗಲೂ ಆನೆಗಳಿಗೆ ಪಾಲಿದೆ. ಮೊದಲು ಯಾರಿಗೆ ಯಾರ ಜೊತೆ ಮದುವೆ, ಅದಕ್ಕೆ ಯಾರದ್ದಾದರೂ ಆಕ್ಷೇಪವಿದೆಯೇ ಅಂತ, ಆಮೇಲೆ ಯಾವ ಆನೆ ಯಾವ ತೋಟದಲ್ಲಿ. ಒಂದು ಸಲ ಚೀಟಿ ಹಿಂದೆಮುಂದಾಗಿ, ಆನೆಗಳ ಹೆಸರು ಓದಿ, "ಇವರ ಬಗ್ಗೆ ಯಾರಿಗಾದರೂ ಆಕ್ಷೇಪವಿದ್ದರೆ ತಿಳಿಸಿ" ಅಂದುಬಿಟ್ಟರು. ಇಡೀ ಚರ್ಚು ಕೈ ಎತ್ತಿತು.

ಈಗ ಶೀಲಾ. ನನ್ನ ಮಗಳ ಮಗಳು. ಮಗಳು ದೂರದ ಆಸ್ಪತ್ರೆಯಲ್ಲಿ ನರ್ಸು. ಎರಡು ವರ್ಷದ ಹಿಂದೆ ಶೀಲಾ ಎಂಟನೇ ಕ್ಲಾಸಿಗೆ ಬಂದಾಗ ನನ್ನ ಹತ್ತಿರ ತಂದುಬಿಟ್ಟಳು. ನನಗೋ ಹಬ್ಬ. ಮಗು ಬಸ್ಸಿನಲ್ಲಿ ಆಲೂರಿನ ಶಾಲೆಗೆ ಹೋಗುವುದು, ಬೆಲ್ಲು ಹೊಡೆದ ತಕ್ಷಣ ಓಡಿಬಂದು ಅದೇ ಬಸ್ಸು ಹಿಡಿಯುವುದು. ಅಲ್ಲಿ ಸ್ನೇಹ ಬೆಳೆಸಲು ಬಸ್ಸು ಕಾಯಬೇಕಲ್ಲ, ಕಾಯುವುದಿಲ್ಲ. ಅವಳಿಗೆ ಇದ್ದದ್ದೆಲ್ಲ ಭಾನುವಾರದ ಯೂತ್. ಆ ದಿನ ಅವಳ ಮುಖದಲ್ಲಿ ಲೈಟು ಹಾಕಿದ ಹಾಗಿರುತ್ತಿತ್ತು.

ಹೋದ ವರ್ಷ ನವೆಂಬರಿನ ಒಂದು ಭಾನುವಾರ ಲೈಟು ಆರಿಸಿಕೊಂಡು ಬಂದಳು. ಬಂದವಳೇ ಕ್ಯಾರಲ್‌ಗೆಂದು ತಂದಿದ್ದ ಕೆಂಪು ದುಪಟ್ಟಾ ಮಡಚಿ ಟ್ರಂಕಿನ ತಳಕ್ಕೆ ತುರುಕಿದಳು.

"ಯಾಕ್ ಮಗ?" ಅಂದೆ.

"ನಾನಿನ್ ಯೂತ್‌ಗೆ ಹೋಗಲ್ಲ ಅಜ್ಜಿ. ಪೂಜೆಗ್ ಬತ್ತೀನಿ, ಹಿಂದ್ಗಡೆ ಕೂತ್ಕತೀನಿ, ಎದ್ ಬತ್ತೀನಿ."

"ಯಾರೇನಂದ್ರು?"

"ಯಾರೂ ಏನೂ ಅನ್ಲಿಲ್ಲ. ಪ್ರಶಾಂತಣ್ಣ ಹಾಡ್ಬೇಡ ಅಂದ. ಬಾಯಿ ಮಾತ್ರ ಆಡ್ಸು ಅಂದ."

ಪ್ರಶಾಂತ ಅಂದರೆ ಯೂತ್‌ನಲ್ಲಿ ಕೀಬೋರ್ಡು ನುಡಿಸುವವನು, ಕಾಲೇಜು ಓದುತ್ತಿದ್ದಾನೆ. ಒಳ್ಳೆಯವನೇ, ಆದರೆ ಶ್ರುತಿ ವಿಷಯಕ್ಕೆ ಬಂದರೆ ಹೆತ್ತಪ್ಪನನ್ನೂ ನಂಬುವವನಲ್ಲ. ನಾನು ಕೋಪ ಮಾಡಿಕೊಳ್ಳಬೇಕಿತ್ತು. ಆಗಲಿಲ್ಲ. ಯಾಕೆಂದರೆ ಶೀಲಾ ಹಾಡುವುದನ್ನು ನಾನೂ ಕೇಳಿದ್ದೇನೆ. ಅವಳು ಬಚ್ಚಲಲ್ಲಿ ಹಾಡಿದರೆ ಹಂಚಿನ ಮೇಲೆ ಮಲಗಿದ ಬೆಕ್ಕು ಇಳಿದು ಬೇರೆ ಮನೆಗೆ ಹೋಗುತ್ತದೆ. ರಾಗ ಒಂದು ಕಡೆ ಹೋದರೆ ಅವಳು ಇನ್ನೊಂದು ಕಡೆ ಹೋಗುತ್ತಾಳೆ, ಅದೂ ಜೋರಾಗಿ ಹೋಗುತ್ತಾಳೆ. ಯಾರ ಗಂಟಲು ಅಂತ ಹೇಳಬೇಕಿಲ್ಲವಲ್ಲ. ಮೊಮ್ಮಗಳಿಗೆ ಚಿನ್ನ ಕೊಡಲಾಗದ ಅಜ್ಜಿ ಇದನ್ನು ಕೊಟ್ಟು ಕೂತಿದ್ದೆ.

ಆದರೆ ಆ "ಹಿಂದ್ಗಡೆ ಕೂತು ಎದ್ ಬತ್ತೀನಿ" ಅನ್ನುವ ಮಾತು ನನಗೆ ನಿದ್ದೆ ಕೊಡಲಿಲ್ಲ. ತೋಟಕ್ಕೆ ಹೊಸ ಆಳು ಬಂದರೆ ಮೊದಲು ಅವಳಿಗೊಂದು ಸಾಲು ಕೊಡುತ್ತಾರೆ. ಈ ಗಿಡದಿಂದ ಆ ಗಿಡದ ತನಕ ನಿಂದು ಅಂತ. ಸಾಲು ಸಿಕ್ಕಿತೋ, ಎಡಗಡೆಯವಳು ಮಾತಾಡಿಸುತ್ತಾಳೆ, ಬಲಗಡೆಯವಳು ಎಲೆಅಡಿಕೆ ಕೊಡುತ್ತಾಳೆ, ಹಿಂದೆ ಬಿದ್ದರೆ ಇಬ್ಬರೂ ಸೇರಿ ಬೈಯುತ್ತಾರೆ. ಸಾಲಿಲ್ಲದವಳನ್ನು ಯಾರೂ ಬೈಯುವುದೂ ಇಲ್ಲ. ಆ ವಯಸ್ಸಿನ ಮಕ್ಕಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಅದೇ ವಾರ ಯೂತ್ ನೋಡಿಕೊಳ್ಳುವ ಲೀನಾ ಟೀಚರ್ ಮನೆಗೆ ಬಂದರು. ಶೀಲಾಗಾಗಿ ಬಂದರು ಅಂದುಕೊಂಡೆ. ಅಲ್ಲ, ಬಂದದ್ದು ನನ್ನ ಹೊಟ್ಟೆಗಾಗಿ.

ನಮ್ಮ ಕ್ಯಾರಲ್‌ನಲ್ಲಿ ಕ್ರಿಸ್ಮಸ್ ತಾತನ ವೇಷ ಹಾಕುತ್ತಿದ್ದದ್ದು ಪಿಕಪ್ ಓಡಿಸುವ ಅಂತೋಣಿ. ಆ ವರ್ಷ ಅವನಿಗೆ ಶುಗರ್ ಬಂದು, ಡಾಕ್ಟರು ಅನ್ನ ಬಿಡಿಸಿ, ಹೊಟ್ಟೆ ಕರಗಿಹೋಗಿತ್ತು. ದಿಂಬು ಕಟ್ಟಿ ನೋಡಿದರಂತೆ. ಪಿಕಪ್ ಕುಲುಕಿದಾಗ ದಿಂಬು ಬೆನ್ನಿಗೆ ಹೋಗಿ ತಾತ ಗೂನನಾದ. ಹುಡುಗರನ್ನು ಕೇಳಿದರೆ ಒಬ್ಬೊಬ್ಬರಿಗೂ ಒಂದೊಂದು ನೆಗಡಿ. ಆ ದಪ್ಪ ಕೆಂಪು ಕೋಟಿನೊಳಗೆ ಮಧ್ಯಾಹ್ನದ ಬಿಸಿಲಲ್ಲಿ ಬೇಯಲು ಯಾರು ಒಪ್ಪುತ್ತಾರೆ?

"ಮರಿಯಮ್ಮಾ, ನಿಮ್ಗಾದ್ರೆ ಹೊಟ್ಟೆ..." ಅಂತ ಟೀಚರ್ ತಡವರಿಸಿದರು.

"ಐತೆ" ಅಂದೆ. "ದೇವರು ಕೊಟ್ಟಿದ್ದು, ಕುಲುಕಿದ್ರೂ ಬೆನ್ನಿಗ್ ಹೋಗಲ್ಲ. ತಾತ ಆಯ್ತೀನಿ ಟೀಚರ್. ಆದ್ರೆ ನಮ್ ಶೀಲಾಗೂ ಒಂದ್ ಸಾಲು ಕೊಡ್ಬೇಕು."

"ಯಾವ್ ಸಾಲು?"

"ಯಾವ್ದಾರ ಆಗ್ಲಿ. ಅವ್ಳಿಲ್ದಿದ್ರೆ ನಡ್ಯಲ್ಲ ಅನ್ನಂಗಿರ್ಬೇಕು."

ಟೀಚರ್ ಬ್ಯಾಗಿನಿಂದ ಗಡ್ಡ ತೆಗೆದು ನನ್ನ ಮುಖಕ್ಕೆ ಹಿಡಿದು ನೋಡಿದರು. ಅದು ಜಾರಿ ಬಿತ್ತು. "ಇದನ್ನ ಕಟ್ಟೋರು ಒಬ್ರು ಬೇಕೇ ಬೇಕು" ಅಂದರು.

ಹಾಗೆ ಶೀಲಾ ಗಡ್ಡದ ಉಸ್ತುವಾರಿಯಾದಳು. "ಗಡ್ಡ ಕಟ್ತೀನಿ ಅಷ್ಟೆ. ಹಾಡಲ್ಲ" ಅಂತ ಮೊದಲೇ ಹೇಳಿಬಿಟ್ಟಳು. ಸುಲಭದ ಕೆಲಸವಲ್ಲ ಅದು. ಕಿವಿಗೆ ಎರಡು ದಾರ, ಟೋಪಿಗೆ ನಾಲ್ಕು ಪಿನ್ನು. ನಾನು "ಹೋ ಹೋ" ಅಂತ ನಗಬೇಕು, ನಕ್ಕಾಗಲೆಲ್ಲ ಗಡ್ಡ ಬಾಯೊಳಗೆ ಹೋಗುತ್ತದೆ, ಅವಳು ಎಳೆದು ಹೊರಗೆ ಹಾಕಬೇಕು. ಕ್ಯಾರಲ್ ಹೊರಟ ದಿನ ಅವಳು ಎಲ್ಲರಿಗಿಂತ ಹಿಂದೆ ಬಂದು ಪಿಕಪ್ ಹತ್ತಿದಳು. ತುಟಿಗಳ ನಡುವೆ ಇನ್ನೂ ನಾಲ್ಕು ಪಿನ್ನು ಕಚ್ಚಿಕೊಂಡು ಕೂತಳು. ಯಾರು ಮಾತಾಡಿಸಿದರೂ "ಮ್ಮ್" ಅನ್ನುವಳು. ಬಾಯಿ ಮುಚ್ಚಿಕೊಂಡಿರಲು ಮಗು ಹುಡುಕಿಕೊಂಡ ನೆವ ಅದು ಅಂತ ನನಗೆ ಗೊತ್ತಾಗಿ, ಗಡ್ಡದೊಳಗೇ ನಿಟ್ಟುಸಿರು ಬಿಟ್ಟೆ.

ಎರಡು ಮೂರು ಮನೆ ಮುಗಿಸಿ ನಮ್ಮ ಹಳೇ ಗೌಡರ ಎಸ್ಟೇಟಿಗೆ ಬಂದೆವು. ಕಣ ಇರುವುದು ಗುಡ್ಡದ ಮೇಲೆ. ಎದುರು ಗುಡ್ಡದಲ್ಲಿ ಲೈನು, ಅಂದರೆ ಆಳುಗಳ ಸಾಲುಮನೆಗಳು. ನಮ್ಮ ಚರ್ಚಿನ ಅರ್ಧ ಜನ ಇರುವುದು ಅಲ್ಲೇ. ಮಧ್ಯದಲ್ಲಿ ಹಳ್ಳ, ಹಳ್ಳಕ್ಕೊಂದು ಸೇತುವೆ. ಪಿಕಪ್ ಇಳಿಜಾರಿಗೆ ತಿರುಗಬೇಕು ಅನ್ನುವಾಗ ಅಂತೋಣಿಯ ಫೋನು ಟಿಣ್ ಅಂದಿತು. ಆನೆ ಎಲ್ಲಿದೆ ಅಂತ ತಿಳಿಸುವ ಗುಂಪಿನ ಮೆಸೇಜು. ಅವನು ಫಾದರ್ ಧಾಟಿಯಲ್ಲೇ ಓದಿದ: "ಸೇತುವೆ ಪಕ್ಕದ ಬಿದಿರುಮೆಳೆಯಲ್ಲಿ ಒಂಟಿ ಆನೆ ಇದೆ. ಯಾರೂ ಆ ಕಡೆ ಹೋಗಬಾರದು."

ಎದುರು ಗುಡ್ಡದ ಬೇಲಿ ಹತ್ತಿರ ಲೈನಿನ ಮಕ್ಕಳು ಆಗಲೇ ಸಾಲಾಗಿ ನಿಂತಿದ್ದವು. ಇರುವೆಯಷ್ಟು ಕಾಣುತ್ತಿದ್ದವು, ಆದರೆ ಕೆಂಪು ಬಟ್ಟೆ ಬೀಸುತ್ತಿದ್ದದ್ದು ಕಾಣುತ್ತಿತ್ತು. ಬಿಟ್ಟು ಹೋಗುವುದು ಹೇಗೆ?

"ಇಲ್ಲಿಂದ್ಲೇ ಹಾಡ್ಬಿಡೋಣ" ಅಂದ ಪ್ರಶಾಂತ. ಕಣದಲ್ಲಿ ಕರೆಂಟಿಲ್ಲ, ಸ್ಪೀಕರಿಲ್ಲ. ಕೀಬೋರ್ಡು ಬ್ಯಾಟರಿಯಲ್ಲಿ ಸೊಳ್ಳೆಯ ಹಾಗೆ ಹಾಡಿತು. ಮಕ್ಕಳೆಲ್ಲ ಕತ್ತಿನ ನರ ಉಬ್ಬಿಸಿ ಹಾಡಿದರು. ಮುಗಿದ ಮೇಲೆ ಲೈನಿನಿಂದ ಫೋನು ಬಂತು: "ಏನೂ ಕೇಳ್ತಿಲ್ಲ ಕಣ್ರೀ. ಶುರು ಯಾವಾಗ ಮಾಡ್ತೀರಿ? ತಾತ ಒಬ್ನೇ ಕೆಂಪಗೆ ಕಾಣ್ತಾವ್ನೆ."

ನನಗೆ ಹಳೆಯ ಹುಮ್ಮಸ್ಸು ಬಂತು. ಪಿಕಪ್ಪಿನ ಮೇಲೆ ನಿಂತು, ಕೈ ಕೊಳವೆ ಮಾಡಿ ಉಸಿರೆಳೆದೆ. ಉಸಿರಿನ ಜೊತೆ ಗಡ್ಡವೂ ಒಳಗೆ ಬಂತು. ಶೀಲಾ ಎಳೆದು ತೆಗೆದಳು. ಮತ್ತೆ ಕೂಗಿದೆ. ಎಂಟು ವರ್ಷದಲ್ಲಿ ಗಂಟಲಿಗೆ ಏನಾಗಿತ್ತೋ, ಕೂಗು ಕಣದ ಬೇಲಿಯನ್ನೂ ದಾಟಲಿಲ್ಲ. ಕೆಮ್ಮು ಬಂತು ಅಷ್ಟೆ. ಬೇಜಾರಾಯಿತು ಅಂದರೆ ಬೇಜಾರೇ. ಕೆಮ್ಮುತ್ತಾ ಪಕ್ಕಕ್ಕೆ ನೋಡಿದೆ. ಪಕ್ಕದಲ್ಲಿ ಪಿನ್ನು ಕಚ್ಚಿಕೊಂಡ ಮೊಮ್ಮಗಳು. ಪ್ರಶಾಂತನೂ ಅವಳನ್ನೇ ನೋಡುತ್ತಿದ್ದ.

"ಶೀಲಾ, ನೀನ್ ಹಾಡೇ" ಅಂದ.

ಅವಳು ಬಾಯಿಂದ ಒಂದೊಂದೇ ಪಿನ್ನು ತೆಗೆದು ನನ್ನ ಕೋಟಿಗೆ ಚುಚ್ಚಿದಳು. ಅವಸರವೇ ಇಲ್ಲ. ನಾಲ್ಕೂ ಆದ ಮೇಲೆ, "ನಾನ್ ಬಾಯಿ ಮಾತ್ರ ಆಡ್ಸೋಳು ಪ್ರಶಾಂತಣ್ಣ" ಅಂದಳು.

"ತಪ್ಪಾಯ್ತು ಮಾರಾಯ್ತಿ. ಶ್ರುತಿ ಹೆಂಗಾರ ಹಾಳಾಗ್ ಹೋಗ್ಲಿ, ಹಾಡು ಆಚೆ ಕಡೀಕ್ ಹೋಗ್ಲಿ."

"ಆಮೇಲ್ ಎಲ್ರೂ ನಗಾಡ್ಬಾರ್ದು."

"ನಗಲ್ಲ. ತಗೋ, ಕೀಬೋರ್ಡೇ ಆಫ್ ಮಾಡ್ತೀನಿ." ನಿಜಕ್ಕೂ ಆಫ್ ಮಾಡಿದ. ಅವನು ಅಷ್ಟು ಮಾಡಿದ್ದು ನಾವ್ಯಾರೂ ನೋಡಿರಲಿಲ್ಲ.

ಶೀಲಾ ನನ್ನ ಪಕ್ಕದಲ್ಲಿ ನೆಟ್ಟಗೆ ನಿಂತಳು. ಕೈ ಎರಡನ್ನೂ ಬಾಯಿಗೆ ಕೊಳವೆ ಮಾಡಿದಳು. ನಾನು ಹೇಳಿಕೊಟ್ಟದ್ದಲ್ಲ, ಮೇಲಿರುವವನ ಮೇಲೆ ಆಣೆ. ಹಾಡಿನ ಮೊದಲ ಪದ ಹಿಡಿದು ಎಳೆದಳು ನೋಡಿ: ಮೊದಲು ಕೆಳಗೆ, ಆಮೇಲೆ ಮೇಲಕ್ಕೆ, ಕೊನೆಗೆ ಅಲ್ಲೇ ನಡುಗಿಸಿ. ರಾಗ ಎಲ್ಲಿತ್ತೋ ಗೊತ್ತಿಲ್ಲ, ಆದರೆ ಆ ಪದ ಹಳ್ಳ ದಾಟಿತು, ಬಿದಿರುಮೆಳೆ ದಾಟಿತು, ಲೈನಿನ ಗೋಡೆಗೆ ಬಡಿದು ನಮ್ಮ ಹತ್ತಿರಕ್ಕೇ ವಾಪಸ್ಸು ಬಂತು. ಎದುರು ಗುಡ್ಡದಲ್ಲಿ ಇರುವೆಗಳೆಲ್ಲ ಕುಣಿಯತೊಡಗಿದವು.

ಎರಡನೇ ಸಾಲು ಹಾಡುವಷ್ಟರಲ್ಲಿ ನಮ್ಮ ಹಿಂದಿನ ಕಾಫಿ ಗಿಡಗಳು ಸರಸರ ಅಲುಗಿದವು. ಒಂದು ಕಡೆಯಲ್ಲ, ನಾಲ್ಕೂ ಕಡೆ.

"ಆನೆ!" ಅಂದ ಅಂತೋಣಿ.

ಇಡೀ ಯೂತ್ ಒಂದೇ ನೆಗೆತಕ್ಕೆ ಪಿಕಪ್ ಹತ್ತಿತು. ನಾನು ಪ್ರಶಾಂತನ ಮೇಲೆ ಬಿದ್ದೆ, ಪ್ರಶಾಂತ ಕೀಬೋರ್ಡಿನ ಮೇಲೆ ಬಿದ್ದ, ಆಫ್ ಆಗಿದ್ದ ಕೀಬೋರ್ಡು ಆನ್ ಆಗಿ ತಾನೇ ತಾಳ ಹಾಕತೊಡಗಿತು. ಅಷ್ಟರಲ್ಲಿ ಗಿಡ ಸರಿಸಿಕೊಂಡು ಹೊರಗೆ ಬಂದದ್ದು ಆನೆಯಲ್ಲ, ಹಳೇ ಗೆಳತಿ ಪುಟ್ಟಕ್ಕ. ತಲೆ ಮೇಲೆ ಬಾಯಿ ಕಟ್ಟಿದ ಚೀಲ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಹತ್ತು ಜನ, ಆಮೇಲೆ ತೋಟದಲ್ಲಿದ್ದ ನಲವತ್ತೂ ಜನ. ಆನೆ ಹಳ್ಳದಲ್ಲಿದೆ ಅಂತ ಮೇಲಿನ ತೋಟದಲ್ಲಿ ಕೆಲಸ ನಿಲ್ಲಿಸುವುದಿಲ್ಲ, ಹಾಗೆ ನಿಲ್ಲಿಸಿದರೆ ವರ್ಷವಿಡೀ ನಿಲ್ಲಿಸಬೇಕು. ಎಲ್ಲರೂ ಚೀಲ ಇಳಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು ನಿಂತರು.

ರೈಟರು ಓಡಿಬಂದರು. "ಯಾರ್ರೀ ಕೆಲ್ಸ ಬಿಡ್ಸಿದ್ದು? ಇನ್ನೂ ಎರಡೂವರೆ!"

"ಮರಿಯಕ್ಕ ಕೂಗಿದ್ಲಲ್ಲ ರೈಟ್ರೇ" ಅಂದಳು ಪುಟ್ಟಕ್ಕ.

"ಅವ್ಳು ಕೆಲ್ಸ ಬಿಟ್ಟು ಎಂಟ್ ವರ್ಷ ಆಯ್ತಲ್ರೀ!"

"ಅದು ನಮ್ ಕಿವೀಗೇನ್ ಗೊತ್ತು?"

ಎಲ್ಲರೂ ಮರಿಯಕ್ಕನನ್ನು ಹುಡುಕಿದರು. ಪಿಕಪ್ಪಿನಲ್ಲಿ ಕಂಡದ್ದು ಕ್ರಿಸ್ಮಸ್ ತಾತ. ರೈಟರು ಕೈ ಮುಗಿದು, "ತಾವ್ ಯಾರು ಸ್ವಾಮಿ?" ಅಂದರು. ನಾನು ಗಡ್ಡ ಕೆಳಗಿಳಿಸಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ನಾನೇ ರೈಟ್ರೇ. ಆದ್ರೆ ಕೂಗಿದ್ದು ನಾನಲ್ಲ, ನನ್ ಮೊಮ್ಮಗ್ಳು. ಅದೂ ಕೂಗಿದ್ದಲ್ಲ, ಹಾಡಿದ್ದು."

ಪುಟ್ಟಕ್ಕ ಹತ್ತಿರ ಬಂದಳು. ಶೀಲಾಳ ಗಲ್ಲ ಹಿಡಿದು, ಬಾಯಿ ತೆರೆಸಿ, ಕರುವಿನ ಹಲ್ಲು ನೋಡುವ ಹಾಗೆ ಒಳಗೆ ಇಣುಕಿದಳು. "ಅದೇ ಗಂಟ್ಲು ಕಣ್ರೇ" ಅಂತ ಹಿಂದೆ ತಿರುಗಿ ಎಲ್ಲರಿಗೂ ಹೇಳಿದಳು. "ಇನ್ನೂ ವಸಿ ಗಟ್ಟಿನೇ ಐತೆ."

ಗದ್ದಲ ಕೇಳಿ ಗೌಡರೂ ಬಂದರು. ಚೀಲದ ಬಾಯಿ ಕಟ್ಟಿಬಿಟ್ಟಿದ್ದಾರೆ, ಬಿಚ್ಚುವುದಿಲ್ಲ ಅನ್ನುತ್ತಾರೆ ಅಂತ ರೈಟರು ದೂರು ಹೇಳಿದರು. ಗೌಡರು ಚೀಲ ನೋಡಿದರು, ನನ್ನ ಗಡ್ಡ ನೋಡಿದರು, ನಗು ತಡೆಯಲಾಗದೆ ಕಣದ ಕಟ್ಟೆ ಮೇಲೆ ಕೂತುಬಿಟ್ಟರು. "ಕೂಗು ಬಿದ್ ಮೇಲೆ ಬಿತ್ತು ಕಣ್ರೀ. ನಮ್ಮಪ್ಪನ್ ಕಾಲ್ದಿಂದ ಹಂಗೇ. ಎಲ್ರಿಗೂ ಕಾಫಿ ಮಾಡ್ಸಿ. ಮಗಾ, ಇನ್ನೊಂದ್ಸಲ ಹಾಡವ್ವ."

ಹಾಡಿದಳು. ಕಣದ ತುಂಬ ಜನ ಕೂತು ಕಾಫಿ ಕುಡಿದು ನಾವು ಹಂಚಲು ತಂದಿದ್ದ ಕಜ್ಜಾಯದ ಡಬ್ಬ ಖಾಲಿ ಮಾಡಿದರು. ಎದುರು ಗುಡ್ಡದಿಂದ "ಇನ್ನೊಂದೂ" ಅಂತ ಕೂಗು ಬರುತ್ತಿತ್ತು. ಪ್ರಶಾಂತ ಹರಳೆಣ್ಣೆ ಕುಡಿದವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದ, ಆದರೆ ಕೈ ತಾಳ ಹಾಕುತ್ತಿತ್ತು. ಯಾರೂ ನಗಲಿಲ್ಲ ಅಂತಲ್ಲ, ಎಲ್ಲರೂ ನಕ್ಕರು, ಎಲ್ಲರಿಗಿಂತ ಹೆಚ್ಚು ಶೀಲಾಳೇ ನಕ್ಕಳು. ಬಿಸಿಲು ಇಳಿಯುವ ಮುಂಚೆ ಅಂತೋಣಿಯ ಫೋನು ಟಿಣ್ ಅಂದಿತು. "ಆನೆ ಮುಂದಿನ ತೋಟಕ್ಕೆ ದಾಟಿದೆ" ಅಂತ ಓದಿ, ತನ್ನ ಕಡೆಯಿಂದ "ಆಕ್ಷೇಪವಿಲ್ಲ" ಅಂತ ಸೇರಿಸಿದ. ಲೈನಿಗೆ ಹೋದರೆ ಮಕ್ಕಳು ತಾತನನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಕೂಗೋ ಅಕ್ಕ ಯಾರು? ಕೂಗೋ ಅಕ್ಕ ಯಾರು?" ಅಂತ ಅವಳ ದುಪಟ್ಟಾ ಹಿಡಿದು ಜಗ್ಗಿದವು.

ವಾಪಸ್ಸು ಬರುವಾಗ ಪಿಕಪ್ಪಿನಲ್ಲಿ ಪ್ರಶಾಂತ ಅವಳಿಗೆ ಹೇಳಿದ್ದು ನನಗೆ ಕೇಳಿಸಿತು: "ಬರೋ ಭಾನುವಾರ ಅರ್ಧ ಗಂಟೆ ಮುಂಚೆ ಬಾ. ಶ್ರುತಿ ಹಿಡಿಯೋದು ಹೇಳ್ಕೊಡ್ತೀನಿ. ಲೇಟಾಗ್ ಬಂದ್ಯೋ, ಬೈತೀನಿ."

ಬೈತೀನಿ ಅಂದ! ಕೇಳಿದಿರಾ? ನನಗೆ ಎಷ್ಟು ಸಂತೋಷವಾಯಿತು ಅಂದರೆ ಗಡ್ಡದೊಳಗೆ ಮುಖ ಹುದುಗಿಸಿ ಅತ್ತುಬಿಟ್ಟೆ. ಅಳಲು ಗಡ್ಡದಂಥ ಅನುಕೂಲ ಇನ್ನೊಂದಿಲ್ಲ. ಗಂಡಸರು ಯಾಕೆ ಬಿಡುತ್ತಾರೆ ಅಂತ ಆವತ್ತು ತಿಳಿಯಿತು.

ಈಗ ಅವಳು ಹತ್ತನೇ ಕ್ಲಾಸು. ಒಂದು ವರ್ಷ ಕಲಿತು ಒಂದು ಹಾಡಿನ ಪಲ್ಲವಿ ಶ್ರುತಿಗೆ ಬಂದಿದೆ, ಉಳಿದದ್ದು ದೇವರಿಗೆ ಬಿಟ್ಟಿದ್ದು. ಹೊಸದಾಗಿ ಯೂತ್‌ಗೆ ಸೇರಿದ ಇಬ್ಬರು ಹುಡುಗಿಯರಿಗೆ ಮೊದಲ ದಿನವೇ ಕೆಲಸ ಹಂಚಿದವಳು ಅವಳೇ. ಒಬ್ಬಳಿಗೆ ನಕ್ಷತ್ರ, ಇನ್ನೊಬ್ಬಳಿಗೆ ಟವೆಲ್ಲಿನೊಳಗೆ ತಲೆ ಹಾಕುವುದು.

ಹೋದ ಭಾನುವಾರ ಅಭ್ಯಾಸಕ್ಕೆ ನಾನೂ ಹೋಗಿದ್ದೆ. ಸಂತೋಷ ತಡೆಯಲಾಗದೆ ಮಕ್ಕಳ ಜೊತೆ ಬಾಯಿಬಿಟ್ಟು ಹಾಡಿದೆ. ಶೀಲಾ ಹಾಡು ನಿಲ್ಲಿಸಿ, ಸೊಂಟಕ್ಕೆ ಕೈ ಕೊಟ್ಟು ನನ್ನ ಮುಂದೆ ಬಂದು ನಿಂತಳು.

"ಅಜ್ಜಿ, ಕೆಡಿಸ್ಬುಟ್ಟೆ ನೀನು. ಬಾಯಿ ಮಾತ್ರ ಆಡ್ಸು."

ಎಲ್ಲರ ಎದುರಿಗೇ ಬೈದಳು ನನ್ನನ್ನು. ನಮ್ಮ ಯೂತ್‌ನಲ್ಲಿ ನನಗೂ ಒಂದು ಸಾಲು ಸಿಕ್ಕ ಹಾಗಾಯಿತು. ಸರಿ ಕಣವ್ವ ಅಂದೆ. ಕ್ಯಾರಲ್ ದಿನ ಗಡ್ಡದೊಳಗೆ ಬಾಯಿ ಆಡುತ್ತಿದೆಯೋ, ಹಾಡುತ್ತಿದೆಯೋ, ಯಾರು ಬಂದು ನೋಡುತ್ತಾರೆ?

ಇರಿ, ಏಳುತ್ತೇನೆ. ಕರು ತಂತಿ ಹತ್ತಿರ ಬಂದು ನಿಂತಿದೆ.